ಶ್ರೀತಾಳೆಯ ಬೀಜ

ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಓದುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಆದರೂ, ಕೇಳುಗ ಮಿತ್ರರೇ, ನಿವೃತ್ತನಾಗುವವರೆಗೆ ಶ್ರೀತಾಳೆಯ ಮರವೊಂದನ್ನು ಕಣ್ಣಾರೆ ಕಂಡಿರಲಿಲ್ಲವೆನ್ನಲು ನಾಚಿಕೆಯಾಗುತ್ತದೆ. ಸಾಧಾರಣ ತಾಳೆಯ ಗರಿಗಿಂತ ತೆಳುವೂ ಮೃದುವೂ ಆದ ಓಲೆ ಇದರದು. ಒಂದೊಂದು ಎಲೆಯೂ ಬೀಸಣಿಗೆಯಂತೆ ಹರಡಿ 15 ಅಡಿಯಷ್ಟು ಅಗಲವಾಗಬಲ್ಲದು. ಮಳೆಗೆ ಕೊಡೆಯಾಗಿ ಹಿಡಿದದ್ದೂ ಉಂಟು.

ಕರಾವಳಿಯ ಮಿತ್ರರೊಬ್ಬರು ಆರು ಬೀಜ ತಂದುಕೊಟ್ಟರು. ಗೋಲಿಗಿಂತ ದೊಡ್ಡವು, ಕಲ್ಲಿನಂತೆ ಗಟ್ಟಿ. ಹೂಗಿಡಗಳ ಅಭ್ಯಾಸಬಲದಿಂದ ನಾಲ್ಕನ್ನು ಆಳವಿಲ್ಲದ ಕುಂಡವೊಂದರಲ್ಲಿ ಬಿತ್ತಿದೆ. ಮೂರು ತಿಂಗಳಾದರೂ ಹಸಿರಿಲ್ಲ. ಬೇಸತ್ತು ಮಣ್ಣನ್ನು ಸುರಿದಾಗ ನನ್ನ ಅವಿವೇಕ ತಿಳಿಯಿತು. ಈ ಬೀಜ ಮೊದಲು ಮೇಲೇಳುವುದಿಲ್ಲ. ಮೊಳಕೆಯ ನಾಳವೊಂದನ್ನು ನೆಲಕ್ಕಿಳಿಸಿ, ತನ್ನಿಂದ ದೂರದಲ್ಲಿ, ಆಳದಲ್ಲಿ ಗಿಡವನ್ನು ಹುಟ್ಟಿಸುತ್ತದೆ. ನನ್ನ ಕುಂಡದಲ್ಲಿ ಆ ನಾಳಗಳು ತಳಕ್ಕೆ ತಾಗಿ ಸುತ್ತಿಕೊಂಡಿದ್ದವು. ಬಿಡಿಸಹೋದೆ, ಮುರಿದವು.

ಉಳಿದೆರಡನ್ನು ನೆನೆಸಿ, ತೋಟದ ಮೂಲೆಯಲ್ಲಿ, ಮರ ನಿಲ್ಲಬೇಕಾದ ಜಾಗದಲ್ಲಿಯೇ ಊರಿದೆ. ಒಂದು ಬಂತು. ಮೊದಲ ಎಲೆಯಲ್ಲಿ ಬೀಸಣಿಗೆಯ ಸುಳಿವೇ ಇಲ್ಲ. ಹುಲ್ಲಿನಂಥ ಒಂದೇ ಅಲಗು. ನನ್ನ ಮಡದಿ ಕಳೆಯೆಂದು ಕೀಳಹೊರಟಿದ್ದಳು!

ಶ್ರೀತಾಳೆ 30ರಿಂದ 80 ವರ್ಷ ಬೆಳೆದು, ಒಮ್ಮೆ ಮಾತ್ರ ನೆತ್ತಿಯಲ್ಲಿ ಲಕ್ಷಗಟ್ಟಲೆ ಹೂ ಬಿಟ್ಟು, ಕಾಯಿ ಮಾಗಿಸಿ ಸಾಯುತ್ತದೆ. ನನಗೀಗ 66. ಆ ಹೂವನ್ನು ನಾನು ಕಾಣಲಾರೆ, ಇರಲಿ. ಮೊನ್ನೆ ಬಿಚ್ಚಿದ ಎಲೆಯ ತುದಿಯಲ್ಲಿ ಸಣ್ಣದೊಂದು ಸೀಳು ಮೂಡಿದೆ. ಬೀಸಣಿಗೆಗೆ ಅದು ಮೊದಲು.