ಗಣಿಯ ತ್ಯಾಜ್ಯಮಣ್ಣು: ಯಾವಾಗ, ಎಲ್ಲಿಗೆ?
(ರೈತರ ಸಭೆಯಲ್ಲಿ ಮಾಡಿದ ಭಾಷಣ)

ಸಂಡೂರಿನ ಗುಡ್ಡಗಳಲ್ಲಿ ಅದಿರು ತೆಗೆಯಬೇಕಾದರೆ ಮೊದಲು ಮೇಲಿನ ಮಣ್ಣು, ಕಲ್ಲುಗಳನ್ನು ತೆಗೆಯಬೇಕು. ಅಗೆದ ಕಲ್ಲು ಸಡಿಲಗೊಂಡು ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಕಂಡಲ್ಲಿ ಸುರಿದರೆ ಮಳೆಗೆ ಕೊಚ್ಚಿ ಬಂದು ಕೆರೆಯಲ್ಲಿ ಹೂಳಾಗುತ್ತದೆ, ಹೊಲದ ಮೇಲೆ ಕೆಂಪು ಪದರವಾಗಿ ಕೂರುತ್ತದೆ.

2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಮತ್ತೆ ಆರಂಭವಾಗುವ ಗಣಿಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು.

ಈ ಕೆಲಸಕ್ಕೆ ಈಗ ಕಂಪ್ಯೂಟರ್ ತಂತ್ರಾಂಶಗಳಿವೆ. ಗಣಿಯನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಯಾವ ಭಾಗದ ತ್ಯಾಜ್ಯ ಯಾವ ತಿಂಗಳು ಹೊರಬರುತ್ತದೆ, ಯಾವ ರಾಶಿಗೆ ಹೋಗಬೇಕು, ಲಾರಿ ಎಷ್ಟು ದೂರ ಓಡಬೇಕು ಎಂದು ಅವು ಲೆಕ್ಕ ಹಾಕುತ್ತವೆ. ಆದರೆ ಸಾಗಣೆ ಖರ್ಚನ್ನಷ್ಟೇ ಇಳಿಸೆಂದರೆ ಯಂತ್ರ ಹತ್ತಿರದ ಹಳ್ಳವನ್ನೇ ತೋರಿಸೀತು. ಆದ್ದರಿಂದ ಹಳ್ಳ, ಕೆರೆ, ಹೊಲಗಳನ್ನು ಮೊದಲೇ ನಿಷಿದ್ಧ ಜಾಗವೆಂದು ಗುರುತಿಸಿರಬೇಕು.

ಗಣಿಯ ಸಾರ್ವಜನಿಕ ಅಹವಾಲು ಸಭೆ ನಡೆದಾಗ ತಾವು ಈ ಮೂರನ್ನು ತಪ್ಪದೆ ಕೇಳಿರಿ:

1. ಮೇಲ್ಮಣ್ಣನ್ನು ಬೇರೆಯಾಗಿ, ತಗ್ಗು ರಾಶಿಯಲ್ಲಿಟ್ಟು ಬೇಗ ಬಳಸುವಿರಾ?
2. ರಾಶಿಯ ಬುಡದ ತಡೆಗೋಡೆ, ಹೂಳುಗುಂಡಿಗಳು ಮುಂಗಾರಿಗೆ ಮೊದಲೇ ಮುಗಿಯುವುವೇ?
3. ಅದಿರು ಮುಗಿದ ಗುಂಡಿಗೆ ತ್ಯಾಜ್ಯ ತುಂಬುವುದು ಯಾವ ವರ್ಷ?

ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಹೊಲಕ್ಕೆ ಹೂಳು ಬಿದ್ದ ಮೇಲೆ ಕೇಳಿ ಫಲವಿಲ್ಲ.