ಜೈಲಿಗೆ ಹಣ ಕಳಿಸುವ ಮುನ್ನ



ವಲ್ಲಾರ್ಪಾಡಂ ಬಂದರಿನ ಕಡೆ ದುಡಿಯುವ ನಮ್ಮವನೊಬ್ಬ ಜೈಲು ಸೇರಿದನೆಂದರೆ ಊರಿನಿಂದ ಬರುವ ಮೊದಲ ಪ್ರಶ್ನೆ, "ಎಷ್ಟು ಹಣ ಕಳಿಸೋಣ?" ಯಾತಕ್ಕೆಂದು ಮೊದಲು ಕೇಳಬೇಕು. ಕೈದಿಯ ಹೆಸರಿಗೆ ಕಳಿಸಿದ ದುಡ್ಡು ಅವನ ಕೈಗೆ ಬಾರದು. ಜೈಲಿನ ಲೆಕ್ಕದಲ್ಲಿ ಜಮೆಯಾಗಿ, ಒಳಗಿನ ಕ್ಯಾಂಟೀನಿನಲ್ಲಿ ಸೋಪು, ತಿಂಡಿಗೆ ಮಿತಿಯಂತೆ ಖರ್ಚಾಗುತ್ತದೆ. ಅದೂ ಬೇಕಾದದ್ದೇ. ಆದರೆ ಬಾಗಿಲು ತೆರೆಸುವುದು ಜಾಮೀನು.

ಪರವೂರಿನವರ ಕಷ್ಟ ಅಲ್ಲೇ. ಇಲ್ಲಿ ನಮಗೆ ಹೊಲವೆಲ್ಲಿ, ಮನೆಯೆಲ್ಲಿ? ಮೋತಿರಾಂ ಎಂಬ ಬಡ ಗಾರೆಯವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಜಾಮೀನು ಕೇಳಿದ್ದರು. ಸೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಒಪ್ಪಲಿಲ್ಲ. 1978ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿದ್ದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. 1957ರಲ್ಲಿ ಇದೇ ಕೇರಳದ ಮಂತ್ರಿಯಾಗಿ ಜೈಲು ಖಾತೆ ನೋಡಿಕೊಂಡಿದ್ದವರು. ದೂರದೂರಿನಲ್ಲಿ ಸಿಕ್ಕಿಬಿದ್ದವನು ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತಂದಾನೆಂದು, ಕನ್ನಡಿಗನನ್ನೂ ಹೆಸರಿಸಿಯೇ ತೀರ್ಪಿನಲ್ಲಿ ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಮೋತಿರಾಮನನ್ನು ಬಿಡಿಸಿದರು.

ಆದ್ದರಿಂದ ಎಮ್ಮೆ ಮಾರಿದ ಹಣವನ್ನು ದಲ್ಲಾಳಿಯ ಕೈಗೆ ಹಾಕಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಬಂಧನದಲ್ಲಿರುವವನಿಗೆ ವಕೀಲರು ಧರ್ಮಾರ್ಥ. ಬಡ ಕೈದಿಗಳ ಜಾಮೀನಿಗೆಂದೇ 2023ರಲ್ಲಿ ಕೇಂದ್ರ ಸರ್ಕಾರದ ಯೋಜನೆಯೊಂದು ಬಂತು. ಆಗ ಗೊತ್ತುಮಾಡಿದ ಮಿತಿ 40,000 ರೂಪಾಯಿ. ಕೆಲವು ಅಪರಾಧಗಳಿಗೆ ಅದು ಸಲ್ಲದು, ವಿಚಾರಿಸಿ.

ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯದಲ್ಲಿ ನನ್ನನ್ನು ಕಾಣಬಹುದು. ಕೈದಿಯ ಹೆಸರು, ತಂದೆಯ ಹೆಸರು, ಕೇಸಿನ ನಂಬರು ತನ್ನಿ.