ಸೈಕಲ್ಲಿನ ರಜೆ: ಏರು, ಇಳಿಜಾರು ಮತ್ತು ಆಯ್ಕೆ



ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಲ್ಯಾಂಡ್ಸ್ ಎಂಡ್ ಎಂಬ ಬಂಡೆಗಳ ಅಂಚಿದೆ. ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಜಾನ್ ಓ ಗ್ರೋಟ್ಸ್ ಎಂಬ ಪುಟ್ಟ ಊರಿದೆ. ವಾಡಿಕೆಯ ರಸ್ತೆಯಲ್ಲಿ ಇವೆರಡರ ನಡುವಿನ ದೂರ 874 ಮೈಲಿ, ಅಂದರೆ ಸುಮಾರು 1,400 ಕಿಲೋಮೀಟರ್. ಪ್ರತಿ ಬೇಸಿಗೆಯಲ್ಲೂ ಎಷ್ಟೋ ಜನ ಎರಡು ವಾರ ರಜೆ ಹಾಕಿ ಈ ದೂರವನ್ನು ಸೈಕಲ್ಲಿನಲ್ಲಿ ಕ್ರಮಿಸಲು ಹೊರಡುತ್ತಾರೆ. ಬ್ರಿಟನ್ನಿನಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವುದರಿಂದ ದಕ್ಷಿಣದಿಂದ ಉತ್ತರಕ್ಕೆ ಹೋಗುವುದು ರೂಢಿ. ಗಾಳಿ ಬೆನ್ನಿಗಿರಲಿ ಎಂಬುದು ಸವಾರರ ಆಸೆ.

ಆ ಆಸೆ ಮೊದಲ ದಿನವೇ ಪರೀಕ್ಷೆಗೆ ಒಳಗಾಗುತ್ತದೆ. ಕಷ್ಟವೆಲ್ಲ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕಾದಿದೆ ಎಂದು ನಂಬಿ ಹೊರಟವರಿಗೆ ಕಾರ್ನ್‌ವಾಲ್ ಮತ್ತು ಡೆವನ್ ಪಾಠ ಕಲಿಸುತ್ತವೆ. ಅಲ್ಲಿನ ದಿಣ್ಣೆಗಳು ಬಹಳ ಎತ್ತರವಲ್ಲ, ಆದರೆ ಕಡಿದಾದವು. ಒಂದನ್ನು ಏರಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ರಸ್ತೆ ತೊರೆಯೊಂದರತ್ತ ಇಳಿದುಬಿಡುತ್ತದೆ. ತೊರೆಯಾಚೆ ಮತ್ತೊಂದು ಏರು. ಕ್ಯಾರಿಯರಿನ ಚೀಲದಲ್ಲಿ ತುರುಕಿದ ಒಂದೊಂದು ಹೆಚ್ಚುವರಿ ಅಂಗಿಯ ತೂಕವೂ ಆಗ ಗೊತ್ತಾಗುತ್ತದೆ. ಮೂರನೆಯ ದಿನದ ಹೊತ್ತಿಗೆ ಮೊಣಕಾಲು ನೋಯುತ್ತದೆ, ಸೀಟು ಉಜ್ಜಿ ಚರ್ಮ ಕಿತ್ತುಬಂದಿರುತ್ತದೆ. ಹೊತ್ತಿಗೆ ಸರಿಯಾಗಿ ತಿನ್ನದವರ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಮುಗಿದು, ಚಪ್ಪಟೆ ರಸ್ತೆಯಲ್ಲೂ ಕಾಲು ಕದಲದ ಸ್ಥಿತಿ ಬರುತ್ತದೆ. ಅದರ ಮೇಲೆ ಮಳೆ, ಪಂಕ್ಚರು, ಹಿಂದಿನ ಚಕ್ರದ ಮುರಿದ ಕಡ್ಡಿ. ಕೆಂಡಲ್ ದಾಟಿ ಶಾಪ್ ಎಂಬ ಬೋಳು ಗುಡ್ಡವನ್ನು ಎದುರುಗಾಳಿಯಲ್ಲಿ ಏರುವಾಗ, ಹತ್ತಿರದ ರೈಲ್ವೆ ನಿಲ್ದಾಣ ಎಷ್ಟು ದೂರ ಎಂದು ಮನಸ್ಸು ಲೆಕ್ಕ ಹಾಕುವುದು ಸಹಜ.

ಆದರೂ ಹೆಚ್ಚಿನವರು ಮುಂದುವರಿಯುತ್ತಾರೆ. ಸೆವೆರ್ನ್ ನದಿಯ ಸೇತುವೆ ದಾಟಿ ವೈ ನದಿಯ ಕಣಿವೆಗೆ ತಿರುಗಿದಾಗ ಸಿಗುವ ನೆರಳು, ಶಾಪ್‌ನಿಂದ ಪೆನ್ರಿತ್‌ನತ್ತ ಸಿಗುವ ಉದ್ದನೆಯ ಇಳಿಜಾರು, ಗ್ಲೆನ್ಕೋದ ಕರಿಬೆಟ್ಟಗಳ ನಡುವಿನ ಮೌನ, ಇವು ಕಾರಿನ ಕಿಟಕಿಯಿಂದ ದಕ್ಕುವಂಥವಲ್ಲ. ಮಳೆಯಲ್ಲಿ ನಿಂತವರನ್ನು ಒಳಗೆ ಕರೆದು ಚಹಾ ಕೊಡುವ ಅಪರಿಚಿತರು ಈ ದಾರಿಯಲ್ಲಿ ಇನ್ನೂ ಇದ್ದಾರೆ. ಒಂದು ವಾರ ಕಳೆದರೆ ದೇಹ ಹೊಂದಿಕೊಳ್ಳುತ್ತದೆ. ತಿನ್ನುವುದು, ತುಳಿಯುವುದು, ಮಲಗುವುದು ಎಂಬ ಮೂರೇ ಕೆಲಸಗಳ ದಿನಚರಿಯಲ್ಲಿ ಮನಸ್ಸು ಹಗುರಾಗುತ್ತದೆ. ಜೂನಿನಲ್ಲಿ ಉತ್ತರದ ಕೇತ್‌ನೆಸ್ ತಲುಪುವವರಿಗೆ ರಾತ್ರಿ ಹತ್ತರ ತನಕ ಬೆಳಕು. ಕೊನೆಗೆ ಸಿಗುವುದು ಒಂದು ಕೈಕಂಬ, ಕಾರು ನಿಲ್ಲಿಸುವ ಬಯಲು, ನೆನಪಿನ ಕಾಣಿಕೆ ಮಾರುವ ಅಂಗಡಿಗಳು. ಬ್ರಿಟನ್ ಮುಖ್ಯಭೂಮಿಯ ಉತ್ತರ ತುದಿ ಕೂಡ ಅದಲ್ಲ. ಅದು ಡನೆಟ್ ಹೆಡ್. ತಲುಪಿದ ಜಾಗ ಸಪ್ಪೆಯೆನಿಸಿದರೂ ಬಂದ ದಾರಿ ಸಪ್ಪೆಯಾಗುವುದಿಲ್ಲ.

ಈ ಕಷ್ಟ ಸುಖವಾಗಿ ಮಾರ್ಪಡುವುದು ಹೇಗೆ? ಅದು ಆಯ್ದುಕೊಂಡ ಕಷ್ಟ. ಸಾಕೆನಿಸಿದರೆ ರೈಲಿದೆ, ಜೇಬಿನಲ್ಲಿ ಕಾರ್ಡಿದೆ, ರಜೆಯ ದಿನಗಳಿಗೂ ಸಂಬಳ ಬರುತ್ತಿರುತ್ತದೆ. ಈ ರಜೆ ಯಾರೂ ದಯಪಾಲಿಸಿದ ಉಡುಗೊರೆಯಲ್ಲ. 1894ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಸಮಾಜವಾದಿ ಯುವಕರು ರಾಬರ್ಟ್ ಬ್ಲ್ಯಾಚ್‌ಫರ್ಡ್ ಅವರ ‘ಕ್ಲ್ಯಾರಿಯನ್’ ವಾರಪತ್ರಿಕೆಯ ಹೆಸರಿನಲ್ಲಿ ಸೈಕಲ್ ಕ್ಲಬ್ ಕಟ್ಟಿದರು. ಬಿಡುವಿನ ದಿನ ಹಳ್ಳಿಗಳಿಗೆ ಹೋಗಿ ಗಾಳಿ ಸೇವನೆಯ ಜೊತೆಗೆ ಕರಪತ್ರ, ಪತ್ರಿಕೆಗಳನ್ನೂ ಹಂಚಿ ಬರುತ್ತಿದ್ದರು. ಫ್ರಾನ್ಸಿನ ಕಾರ್ಮಿಕರು 1936ರಲ್ಲಿ ಕಾರ್ಖಾನೆಗಳನ್ನು ಹಿಡಿದು ಕೂತು ಮುಷ್ಕರ ಹೂಡಿದರು. ಪಾಪ್ಯುಲರ್ ಫ್ರಂಟ್ ಸರ್ಕಾರ ಆ ಜೂನಿನಲ್ಲಿ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನು ಮಾಡಿತು. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲಿನಲ್ಲಿ ಹೊರಟ ಕಾರ್ಮಿಕ ಜೋಡಿಗಳು ಆ ಬೇಸಿಗೆಯ ಗುರುತಾಗಿ ಉಳಿದರು. ಬ್ರಿಟನ್ನಿನಲ್ಲಿ ಸಂಬಳಸಹಿತ ರಜೆಯ ಕಾಯಿದೆ ಬಂದದ್ದು 1938ರಲ್ಲಿ.

ಆದರೆ ಎಲ್ಲ ಸೈಕಲ್ಲುಗಳೂ ರಜೆಗೆ ಹೊರಟವಲ್ಲ. ಲಂಡನ್ನಿನ ಸಂಜೆಯ ಮಳೆಯಲ್ಲಿ ಬೆನ್ನಿಗೆ ಚೌಕ ಪೆಟ್ಟಿಗೆ ಕಟ್ಟಿಕೊಂಡು ಊಟ ತಲುಪಿಸುವವರೂ ತುಳಿಯುತ್ತಲೇ ಇದ್ದಾರೆ. ಸ್ವಯಂ ಉದ್ಯೋಗಿಗಳೆಂಬ ಹಣೆಪಟ್ಟಿ ಹೊತ್ತ ಅವರಿಗೆ ಸಂಬಳಸಹಿತ ರಜೆ ಇಲ್ಲ. ಮೊಣಕಾಲು ನೋಯ್ದ ದಿನ ಸಂಪಾದನೆಯೂ ಇಲ್ಲ.

ಭಾರತದಲ್ಲಿ 2020ರ ಮೇ ತಿಂಗಳಿನಲ್ಲಿ ಇನ್ನೊಂದು ಸೈಕಲ್ ಪಯಣ ನಡೆಯಿತು. ಲಾಕ್‌ಡೌನಿನಲ್ಲಿ ದುಡಿಮೆ ನಿಂತು, ಬಾಡಿಗೆ ಕಟ್ಟಲಾಗದೆ, 15 ವರ್ಷದ ಬಾಲಕಿಯೊಬ್ಬಳು ಗಾಯಗೊಂಡಿದ್ದ ತಂದೆಯನ್ನು ಹಳೆಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗುರುಗ್ರಾಮದಿಂದ ಬಿಹಾರದ ದರ್ಭಂಗಾಕ್ಕೆ ಹೊರಟಳು. ಸುಮಾರು 1,200 ಕಿಲೋಮೀಟರ್. ಬ್ರಿಟನ್ನಿನ ಈ ತುದಿಯಿಂದ ಆ ತುದಿಗೆ ಹೋಗುವುದಕ್ಕೆ ಕೊಂಚವೇ ಕಡಿಮೆ. ಹತ್ತಬಹುದಾದ ರೈಲು ಅವಳಿಗಿರಲಿಲ್ಲ. ಊರು ಸೇರಿದ ಮೇಲೆ ಲೋಕ ಅವಳ ಸಾಹಸವನ್ನು ಕೊಂಡಾಡಿತು. ಸೈಕ್ಲಿಂಗ್ ಒಕ್ಕೂಟ ಆಯ್ಕೆ ಪರೀಕ್ಷೆಗೆ ಕರೆಯಿತು. ಅವಳ ಧೈರ್ಯ ನಿಜ. ಆದರೆ ಮೆಚ್ಚುಗೆಯ ಗದ್ದಲದಲ್ಲಿ, ಒಬ್ಬ ಬಾಲಕಿ ಹೀಗೆ ತುಳಿಯಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಅದೇ ದೂರ, ಅದೇ ಬಗೆಯ ವಾಹನ, ಅದೇ ನೋವು. ಆಯ್ಕೆಯನ್ನು ತೆಗೆದುಬಿಟ್ಟರೆ ಪ್ರವಾಸ ಪಲಾಯನವಾಗುತ್ತದೆ.

ಪರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಅಂತರ ಹೊಸದಲ್ಲ. ಊರಿನಲ್ಲಿ ಸೈಕಲ್ಲೆಂದರೆ ಹಾಲಿನವನದು, ಪೇಪರ್ ಹುಡುಗನದು, ಅಂಚೆಯಣ್ಣನದು. ಮಕ್ಕಳಿಗೆ ಆ ಪಾಡು ಬೇಡವೆಂದು ಬೆವರು ಸುರಿಸಿದ ಅಪ್ಪಂದಿರ ಮಕ್ಕಳೇ ಇಂದು ದುಬಾರಿ ಸೈಕಲ್ ಕೊಂಡು ವಾರಾಂತ್ಯಗಳಲ್ಲಿ ಬೆವರು ಹುಡುಕುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ತಪ್ಪಿತಸ್ಥ ಭಾವದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಕ್ಲ್ಯಾರಿಯನ್ ಕ್ಲಬ್ಬಿನವರು ಸುಖವನ್ನು ತೊರೆಯಲಿಲ್ಲ. ಸುಖ ಎಲ್ಲರಿಗೂ ಸಿಗಬೇಕೆಂದು ಪ್ರಚಾರ ಮಾಡಿದರು. ಊಟ ತರುವ ಸವಾರರ ಸಂಘಟನೆಯ ಬೇಡಿಕೆಗಳಿಗೆ ದನಿಗೂಡಿಸುವುದು, ಊರಿನ ವಲಸೆ ಕಾರ್ಮಿಕರ ಹಕ್ಕುಗಳ ಪರವಾಗಿ ನಿಲ್ಲುವುದು ಅದೇ ಕೆಲಸದ ಮುಂದುವರಿಕೆ.

ಮುಂದಿನ ಬೇಸಿಗೆಯಲ್ಲಿ ಲ್ಯಾಂಡ್ಸ್ ಎಂಡ್‌ನಿಂದ ಹೊರಡುವವರು ಸುಖವಾಗಿ ಹೋಗಿಬರಲಿ. ಶಾಪ್ ಗುಡ್ಡದ ಏರಿನಲ್ಲಿ ಕಾಲು ಸೋತಾಗ ಅವರು ಇಳಿದು, ಸೈಕಲ್ಲಿಗೆ ಒರಗಿ, ಬಿಸ್ಕತ್ತು ತಿಂದು ದಣಿವಾರಿಸಿಕೊಳ್ಳಬಹುದು. ಹಾಗೆ ನಿಲ್ಲುವ ಬಿಡುವು ರಸ್ತೆಯ ಮೇಲಿನ ಪ್ರತಿಯೊಬ್ಬ ಸವಾರನಿಗೂ ಸವಾರಳಿಗೂ ಸಿಗಲಿ.